ಅಂಗಿ ಗುಂಡಿಯ ಗಾಲಿ, ಗಡಿಯಾರದ ಪಟ್ಟಿ

ಐರೋಲಿ, ಸೆಕ್ಟರ್ 8
12 ಫೆಬ್ರವರಿ 2024

ಅಪ್ಪನಿಗೆ,

ಐರೋಲಿಯಿಂದ ವೈಶಾಲಿ ಬರೆಯುವುದು. ಕ್ಷೇಮ ಸಮಾಚಾರದಿಂದ ಶುರು ಮಾಡಬೇಕು, ಗೊತ್ತು. ಇಂಚರಾ ಐದು ಕಿಲೋ ಮುನ್ನೂರು ಗ್ರಾಂ ಆಗಿದ್ದಾಳೆ. ಅದು ಕ್ಷೇಮ, ಉಳಿದದ್ದೆಲ್ಲ ಸಮಾಚಾರ.

ಫೋನು ಬಿಟ್ಟು ಕಾಗದ ಯಾಕೆ ಅಂತ ಅವ್ವ ಕೇಳಿದರೆ ಹೇಳಿ: ಮೂವತ್ತು ವರ್ಷ ಪವರ್ ಪ್ರೆಸ್ಸಿನ ಪಕ್ಕ ನಿಂತ ನಿಮ್ಮ ಕಿವಿಗೆ ಕೇಳಬೇಕಾದರೆ ನಾನು ಕೂಗಬೇಕು, ನಾನು ಕೂಗಿದರೆ ಇವಳು ಏಳುತ್ತಾಳೆ. ಮೊನ್ನೆ ಐದು ಸಲ 'ಊಟ ಆತೇನಪ್ಪಾ' ಅಂತ ಕೂಗಿದ್ದಕ್ಕೆ ಪಕ್ಕದ ಫ್ಲ್ಯಾಟಿನ ಆಂಟಿ ಬಾಗಿಲು ತೆರೆದು 'ಹೋ ಗಯಾ ಬೇಟಾ', ತಮ್ಮದು ಆಯಿತು, ಅಂದರು.

ಈಗ ಕೆಲಸದ ಮಾತು. ಯತಿನ್ ನೆನಪಿದ್ದಾನಲ್ಲ, ಕಾಲೇಜಿನಲ್ಲಿ ನನ್ನ ಜೊತೆ ಮೆಕ್ಯಾನಿಕಲ್ ಓದಿದವನು, ನಮ್ಮ ಮನೆಗೆ ಬಂದು ಅವ್ವನ ಶೇಂಗಾ ಹಿಂಡಿಯ ಡಬ್ಬಿ ಖಾಲಿ ಮಾಡಿ ಹೋದವನು. ಸಾನಪಾಡಾದಲ್ಲಿ ಅವನ ಸೊಸೈಟಿಯ ಮೀಟಿಂಗ್ ಹಾಲ್‌ನಲ್ಲಿ ಭಾನುವಾರ ನಾವೆಲ್ಲ ಸೇರಿ ಆಡುತ್ತಿದ್ದ ಆಟ ನೀವು ನೋಡಿದ್ದೀರಿ: ದೊಡ್ಡ ಮೇಜು, ಥರ್ಮಾಕೋಲಿನ ಗುಡ್ಡ, ಹೆಬ್ಬೆರಳಿನ ಗಿಣ್ಣಿನಷ್ಟು ಎತ್ತರದ ಸೈನಿಕರು, ಅಳತೆಪಟ್ಟಿ ಇಟ್ಟು ಮುಂದೆ ಸರಿಸುವುದು, ದಾಳ ಹಾಕಿ ಗುಂಡು ಹಾರಿಸುವುದು. 'ಇಷ್ಟ ಮಂದಿ ಇಂಜಿನಿಯರ್ ಆಗಿ ಚೌಕಾಬಾರಾ ಆಡ್ತೀರಲ್ಲೋ' ಅಂದಿದ್ದಿರಿ. ಜೂನ್ ಹದಿನಾರಕ್ಕೆ ದೊಡ್ಡ ಆಟ ಇಟ್ಟಿದ್ದಾನೆ. ಷರತ್ತು ಒಂದೇ: ಟ್ಯಾಂಕು ಅಂಗಡಿಯದಾಗಬಾರದು, ಮನೆಯ ಗುಜರಿಯಿಂದ ಕಟ್ಟಿದ್ದಾಗಬೇಕು.

ಆಗುವುದಿಲ್ಲ ಎಂದು ಹೇಳಿಬಿಟ್ಟಿದ್ದೆ. ನಿನ್ನೆ ಬಾಟಲಿ ತೊಳೆದು ಬೋರಲು ಹಾಕುವಾಗ ಹಾಲಿನ ಪುಡಿ ಡಬ್ಬಿಯ ಅಳತೆ ಚಮಚ ಮಗುಚಿ ಕೂತಿತ್ತು. ನೋಡುತ್ತ ನಿಂತೆ. ಅದು ಚಮಚವಾಗಿರಲಿಲ್ಲ, ಟ್ಯಾಂಕಿನ ತಲೆ, ತೋಪನ್ನು ಹೊತ್ತು ಸುತ್ತ ತಿರುಗುವ ಆ ಭಾಗ, ಟರೆಟ್. ಅಪ್ಪಾ, ಇವಳು ಹುಟ್ಟಿ ನಾಲ್ಕು ತಿಂಗಳಾಯಿತು, ಇವಳ ಉಸಿರಿನ ಹೊರತು ಬೇರೆ ಒಂದು ವಸ್ತುವನ್ನು ನಾನು ನೋಡಿದ್ದು ನಿನ್ನೆಯೇ.

ಒಡಲು ನೀವು ಮಾಡಿಕೊಡಿ, ತಲೆ ನಾನು ಮಾಡುತ್ತೇನೆ. ಉದ್ದ ಹತ್ತು ಸೆಂಟಿಮೀಟರ್, ಅಗಲ ಆರು. ಮಾಪಣ್ಣ ಕಾಕಾ ದಿನಾ ನಿಮ್ಮ ಬಿಲ್ಡಿಂಗಿನಿಂದ ಇಲ್ಲಿಯ ಐಟಿ ಪಾರ್ಕಿನ ಕ್ಯಾಂಟೀನಿಗೆ ಬರುತ್ತಾರಲ್ಲ, ಅವರ ಕೈಯಲ್ಲಿ ಸ್ಟೀಲ್ ಡಬ್ಬಿ ಹೋಗಿ ಬರಲಿ. ಡಬ್ಬಿಯೊಳಗೆ ಪ್ರತಿ ಸಲ ಜಾಬ್ ಕಾರ್ಡ್ ಇರಬೇಕು: ಯಾರು ಏನು ಮಾಡಿದರು, ಏನು ಬಾಕಿ, ಸಹಿ. 'ಕಾರ್ಡ್ ಇಲ್ಲದ ಜಾಬ್ ತಾಯಿಲ್ಲದ ಕೂಸು' ಎನ್ನುತ್ತಿದ್ದವರು ನೀವೇ. ನನ್ನ ಕಂಪಾಸ್ ಪೆಟ್ಟಿಗೆಯಲ್ಲಿ 'ನಾಲ್ಕನೇ ಲೆಕ್ಕ: ರಿವರ್ಕ್' ಎಂದು ಕೆಂಪಿನಲ್ಲಿ ಬರೆದಿಡುತ್ತಿದ್ದಿರಿ. ಮರೆತಿಲ್ಲ.

ಡೊಂಬಿವಲಿಯ ಕಾರ್ಯಕ್ರಮದ ಹಾಲ್‌ನಲ್ಲಿ ಇವಳನ್ನು ತೊಟ್ಟಿಲಿಗೆ ಹಾಕಿದ ಮೇಲೆ ನೀವು ಈ ಕಡೆ ತಲೆ ಹಾಕಿಲ್ಲ. ಅದಕ್ಕೂ ಒಂದು ಕಾರ್ಡ್ ಕಳಿಸಿ.

ಆರ್ಡರ್ ಕೊಟ್ಟವಳು,
ವೈಶಾಲಿ


ಅಂಬರನಾಥ
17-2-2024

ವೈಶೂಗೆ ಅಪ್ಪನ ಆಶೀರ್ವಾದ, ಕೂಸಿಗೆ ಎರಡು ಪಟ್ಟು.

ಕಾಗದ ಮುಟ್ಟಿತು. ಡ್ರಾಯಿಂಗ್ ಇಲ್ಲದೆ ಬಾಯಿಮಾತಿನಲ್ಲಿ ಆರ್ಡರ್ ಕೊಟ್ಟ ಇಂಜಿನಿಯರಮ್ಮನಿಗೆ ಮೊದಲ ಕೆಂಪು ಗೆರೆ ಬಿದ್ದಿದೆ. ಆದರೂ ಕೆಲಸ ಹಿಡಿದಿದ್ದೇನೆ.

ನಿನ್ನ ಹಳೆಯ ಆಫೀಸಿನ ಐಡಿ ಕಾರ್ಡು ಇಲ್ಲಿ ಉಳಿದಿತ್ತು. ಅದು, ಅವಧಿ ಮುಗಿದ ಎರಡು ಬ್ಯಾಂಕಿನ ಕಾರ್ಡು, ಐಸ್‌ಕ್ರೀಮ್ ಡಬ್ಬಿಯ ಮುಚ್ಚಳ. ಕತ್ತರಿಸಿ, ಮೂಲೆ ಉಜ್ಜಿ, ಅಂಟಿಸಿದೆ. ಮುಂದಿನ ತಗಡಿಗೆ ಒಳಗಿನಿಂದ ನಿನ್ನ ಫೋಟೋ ಬಂದಿದೆ. ಹೊರಗೆ ಕಾಣುವುದಿಲ್ಲ, ಒಳಗೆ ಕೂತು ನೀನೇ ಟ್ಯಾಂಕು ನಡೆಸುತ್ತೀ ಎಂದು ತಿಳಿ.

ಗಾಲಿಗೆ ನನ್ನ ಮೂರು ಯೂನಿಫಾರ್ಮ್ ಅಂಗಿಯ ಗುಂಡಿ ಕತ್ತರಿಸಿಕೊಂಡೆ. ಹದಿನಾಲ್ಕು ಬೇಕಿತ್ತು, ಹದಿನೆಂಟು ಸಿಕ್ಕವು. ಆ ಅಂಗಿಗಳನ್ನು ಇನ್ನು ಯಾರು ಹಾಕುತ್ತಾರೆ. ಈಗ ಟೀ-ಶರ್ಟೇ ಹಾಯಾಗಿದೆ, ತಲೆ ತೂರಿಸಿದರೆ ಆಯಿತು. ನಿಮ್ಮವ್ವ ಮಾತ್ರ, 'ಅರವತ್ತೊಂದಕ್ಕ ಹರೇದ ಹುಡುಗನಂಗ ತಿರಗತಾನ' ಎಂದು ಬಿಲ್ಡಿಂಗಿಗೆಲ್ಲ ಕೇಳುವಂತೆ ಆಡಿಕೊಳ್ಳುತ್ತಾಳೆ. ನನಗೆ ಕೇಳುವುದಿಲ್ಲ ಎಂದು ಅವಳ ಧೈರ್ಯ.

ಅಕ್ಷರ ಸೊಟ್ಟ ಇದೆ ಎನ್ನಬೇಡ. ಮಾಪಣ್ಣನ ಜೊತೆ ಕಲ್ಯಾಣಕ್ಕೆ ಹೊರಟಿದ್ದೆ, ಲೋಕಲ್‌ನಲ್ಲಿ ಕೂತು ಬರೆದದ್ದು.

ಬರುವುದಕ್ಕೆ ಏನು, ಬರೋಣ. ಭಾನುವಾರ ನೋಡಿದರೆ ಮೆಗಾಬ್ಲಾಕ್ ಎಂದು ಹಳಿ ರಿಪೇರಿಗೆ ರೈಲು ನಿಲ್ಲಿಸುತ್ತಾರೆ, ಉಳಿದ ದಿನ ಗರ್ದಿ.

ಆಪರೇಷನ್ 1: ಒಡಲು, ಗಾಲಿ. ಆಯಿತು.
ಬಾಕಿ: ತಲೆ, ತೋಪು, ಚೈನು.
ವೀರಭದ್ರಪ್ಪ


ಐರೋಲಿ
4 ಮಾರ್ಚ್ 2024

ಅಪ್ಪಾ,

ಡಬ್ಬಿ ಬಂತು. ಬರುವ ಮೊದಲು ಐಟಿ ಪಾರ್ಕಿನ ಗೇಟಿನಲ್ಲಿ ಒಂದು ಯುದ್ಧ ಗೆದ್ದು ಬಂತು. ಸೆಕ್ಯುರಿಟಿಯವನು ಕಾಕಾನ ಚೀಲ ಬಿಚ್ಚಿಸಿ 'ಹೇ ಕಾಯ್ ಆಹೇ, ಕಾಕಾ?', ಇದೇನು, ಅಂದನಂತೆ. ಕಾಕಾ ಬಹಳ ವಿನಯದಿಂದ 'ಟ್ಯಾಂಕ್ ಆಹೇ ಸಾಹೇಬ್, ತೋಫ್ ಅಜೂನ್ ಲಾಗಲೀ ನಾಹೀ' ಅಂದರಂತೆ. ತೋಪು ಇನ್ನೂ ಕೂರಿಸಿಲ್ಲ ಎಂಬುದೇ ಸಮಾಧಾನದ ಮಾತು ಅಂದುಕೊಂಡಿದ್ದರು. ಇಪ್ಪತ್ತು ನಿಮಿಷ ನಿಲ್ಲಿಸಿದರು. 'ನಿಮ್ಮಪ್ಪನ ಸಲುವಾಗಿ ನಾ ಜೇಲಿಗೂ ಹೋಗಾಂವ ಅದೀನಿ ತಂಗಿ, ಆದ್ರ ಕ್ಯಾಂಟೀನಿನ್ಯಾಗ ಹಿಟ್ಟು ನಾದಾಂವ ಯಾರು?' ಎಂದು ನನ್ನನ್ನೇ ಕೇಳಿದರು.

ಒಡಲು ಎಷ್ಟು ಚೆನ್ನಾಗಿದೆ! ಗುಂಡಿಯ ನಾಲ್ಕು ತೂತೂ ಗಾಲಿಯ ಬೋಲ್ಟುಗಳ ಹಾಗೇ ಕಾಣುತ್ತವೆ.

ನನ್ನ ಪಾಲಿನದು: ಚಮಚದ ಹಿಡಿಕೆ ಕತ್ತರಿಸಿ ತಲೆ ಆಯಿತು. ತೋಪಿನ ನಳಿಗೆಗೆ ಇವಳ ವಿಟಮಿನ್ ಹನಿಯ ಡ್ರಾಪರ್, ತುದಿ ಒಡೆದದ್ದು. ಮೇಲಿನ ಮುಚ್ಚಳಕ್ಕೆ ಟೂತ್‌ಪೇಸ್ಟಿನ ಬಿರಡೆ. ಅಂಟನ್ನು ಬಾಲ್ಕನಿಯಲ್ಲಿ, ಬಾಗಿಲು ಮುಚ್ಚಿ ಹಚ್ಚುತ್ತೇನೆ. ಮೂರು ಸಲ ಕೈ ತೊಳೆದು ಒಳಗೆ ಬರುತ್ತೇನೆ. ಮೊದಲ ಸಲ ತಲೆಯನ್ನು ಹಿಂದುಮುಂದಾಗಿ ಅಂಟಿಸಿದೆ. ಕಿತ್ತು ಮತ್ತೆ ಅಂಟಿಸಿದೆ, ಎರಡನೇ ಸಲವೂ ಹಾಗೇ. ತೋಪು ಹಿಂದಕ್ಕೆ ನೋಡುತ್ತಿತ್ತು. ನಿಮ್ಮ ಅಳಿಯ ಸುಮುಖ ನೋಡಿ, 'ಇರಲಿ ಬಿಡೇ, ಓಡಿಹೋಗುವಾಗ ಉಪಯೋಗಕ್ಕೆ ಬರತ್ತೆ' ಅಂದ. ಮೈಸೂರಿನವರ ಸಮಾಧಾನ!

ಇಂಚರಾಳ ಉಸಿರು ಮಲಗಿದಾಗ ನಿಮಿಷಕ್ಕೆ ಮೂವತ್ತಾರು. ಒಂದು ವಹಿಯಲ್ಲಿ ಬರೆದಿಡುತ್ತಿದ್ದೇನೆ. ಡಾಕ್ಟರ್ ಹೇಳಿಲ್ಲ, ನಾನೇ. ದಿನ ತುಂಬದೆ ಹುಟ್ಟಿ ಒಂಬತ್ತು ದಿನ ಠಾಣೆಯ ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲಿದ್ದಾಗ ಅಲ್ಲೊಂದು ಯಂತ್ರ ಎಣಿಸುತ್ತಿತ್ತು. ಮನೆಯಲ್ಲಿ ಯಂತ್ರ ಇಲ್ಲವಲ್ಲ.

ಅವ್ವನಿಗೆ ಹೇಳಿ, ನಾನು ಚೆನ್ನಾಗಿ ಮಲಗುತ್ತಿದ್ದೇನೆ.

ಆಪರೇಷನ್ 2: ತಲೆ, ತೋಪು. ಆಯಿತು, ಮೂರನೇ ಸಲಕ್ಕೆ.
ವೈಶಾಲಿ


ಅಂಬರನಾಥ
15-3-2024

ವೈಶೂ,

ಚೈನಿಗೆ ದಾರಿ ಸಿಕ್ಕಿತು. ಇಪ್ಪತ್ತೈದು ವರ್ಷ ತುಂಬಿದಾಗ ಕಂಪನಿಯವರು ಕೊಟ್ಟ ಗಡಿಯಾರದ ಸ್ಟೀಲ್ ಪಟ್ಟಿ. ಕೊಂಡಿ ಕೊಂಡಿ ಬಿಚ್ಚಿ ಎರಡು ಭಾಗ ಮಾಡಿದೆ. ನೆಲಕ್ಕೆ ತಾಗುವಷ್ಟಕ್ಕೆ ಸಾಲುತ್ತದೆ, ಮೇಲಿನದು ಮಡ್‌ಗಾರ್ಡಿನ ಕೆಳಗೆ ಅಡಗುತ್ತದೆ. ನಿಮ್ಮವ್ವ, 'ಇಪ್ಪತ್ತೈದು ವರ್ಷದ ಬೆವರು, ಕೂಸಿನ ಆಟಿಗಿಗೆ ಮುರದ್ರಿ?' ಎಂದಳು. 'ಕೂಸಿಂದಲ್ಲ, ಕೂಸಿನ ಅವ್ವಂದು' ಎಂದೆ. ಗಡಿಯಾರದ ಮುಖ ಕಪಾಟಿನಲ್ಲಿ ಟಿಕ್ ಟಿಕ್ ಎನ್ನುತ್ತ ಮಲಗಿದೆ.

ಇನ್ನು ರಿವೆಟ್. ಟ್ಯಾಂಕಿನ ತಗಡಿನ ಅಂಚಿಗೆ ಮೊಳೆಯ ತಲೆಗಳ ಸಾಲು ಇಲ್ಲದಿದ್ದರೆ ಅದು ಸಾಬೂನಿನ ಪೆಟ್ಟಿಗೆ. ನಿಮ್ಮವ್ವನ ಮೊಣಕಾಲು ಮುಲಾಮಿನ ಟ್ಯೂಬು ಸೀಳಿ, ತೊಳೆದು, ಲಟ್ಟಣಿಗೆಯಿಂದ ಚಪ್ಪಟೆ ಮಾಡಿದೆ. ಮೆತ್ತನೆಯ ಅಲ್ಯೂಮಿನಿಯಂ. ಹಿಂದಿನಿಂದ ಮೊಂಡು ಸೂಜಿಯಲ್ಲಿ ಒತ್ತಿದರೆ ಮುಂದೆ ಒಂದೊಂದು ರಿವೆಟ್ ಏಳುತ್ತದೆ. ನಾಲ್ಕು ತಗಡು ಕಳಿಸಿದ್ದೇನೆ. ನೋಡಿ ಹೇಳು.

ಇದನ್ನೂ ರೈಲಿನಲ್ಲೇ ಬರೆದೆ.

ಆಪರೇಷನ್ 3: ಚೈನು, ರಿವೆಟ್ ತಗಡು.
ವೀ.


ಐರೋಲಿ
20 ಮಾರ್ಚ್ 2024

ಅಪ್ಪಾ,

ಚೈನು ಸರಿಯಾಗಿದೆ. ತಗಡು ಸರಿಯಾಗಿಲ್ಲ.

ಸಾಲು ಅಂಕುಡೊಂಕು. ಒಂದು ರಿವೆಟ್ ಮೇಲೆ, ಇನ್ನೊಂದು ಕೆಳಗೆ, ಎರಡು ಕಡೆ ಸೂಜಿ ತಗಡನ್ನೇ ತೂತು ಮಾಡಿದೆ. ಎರಡು ಕೂದಲಿನಷ್ಟು ವ್ಯತ್ಯಾಸಕ್ಕೆ ಬೇರೆಯವರ ಜಾಬ್ ವಾಪಸ್ಸು ಮಾಡುತ್ತಿದ್ದವರು ನೀವು. ಇದು ನಿಮ್ಮ ಕೈಯ ಕೆಲಸವೇ ಅಲ್ಲ. ಮನಸ್ಸಿಲ್ಲದೆ, ಟಿವಿ ನೋಡುತ್ತ ಮಾಡಿದ ಹಾಗಿದೆ.

ಬೇಡವಾಗಿದ್ದರೆ ಬೇಡ ಅನ್ನಿ. ಇವಳನ್ನು ನೋಡಲು ಬರುವುದಕ್ಕೆ ಮೆಗಾಬ್ಲಾಕ್, ಕಲ್ಯಾಣಕ್ಕೆ ತಿರುಗಾಡಲು ಮಾತ್ರ ರೈಲು ಇದೆ. ತೊಟ್ಟಿಲ ದಿನ ಒಂದು ನಿಮಿಷ ಎತ್ತಿಕೊಂಡವರು ಮತ್ತೆ ಕೈ ಚಾಚಲಿಲ್ಲ. ಗಂಡಾಗಿದ್ದರೆ ಬರುತ್ತಿದ್ದಿರೇನೋ ಎಂದು ಬರೆಯಲು ಹೊರಟೆ, ಅದು ಸುಳ್ಳು ಎಂದು ನನಗೇ ಗೊತ್ತು. ಆದರೂ ಬರೆದಿದ್ದೇನೆ.

ನಾಲ್ಕೂ ತಗಡಿನ ಹಿಂದೆ ಕೆಂಪಿನಲ್ಲಿ ಬರೆದು ವಾಪಸ್ಸು ಕಳಿಸುತ್ತಿದ್ದೇನೆ.

ರಿವರ್ಕ್.

ವೈಶಾಲಿ


ಐರೋಲಿ
11 ಏಪ್ರಿಲ್ 2024

ಅಪ್ಪನಿಗೆ,

ಮೂರು ವಾರವಾಯಿತು, ಡಬ್ಬಿ ಇಲ್ಲ. ಯುಗಾದಿಗೆ ಅವ್ವನೊಬ್ಬಳೇ ಬಂದಳು. ಹೋಳಿಗೆ ತಂದಳು, ನಿಮ್ಮನ್ನು ತರಲಿಲ್ಲ. ಕೇಳಿದರೆ 'ಅವರನ್ನ ಕೇಳ' ಅಂದಳು. ಇಂಚರಾಳನ್ನು ಎತ್ತಿಕೊಂಡು ಕಿಟಕಿಯ ಹತ್ತಿರ ಹೋದಳು, ನಾನು ಹಿಂದೆಯೇ ಹೋದೆ. 'ನಾನೂ ಎರಡ ಹಡದೀನಿ, ಒಂದನೂ ಕೆಡವಿಲ್ಲ' ಎಂದು ಬೈದಳು. ಸರಿಯಾಗೇ ಬೈದಳು. ಆದರೂ ನನ್ನ ಕೈ ಅವಳ ಕೈಯ ಕೆಳಗೆ ಚಾಚಿಕೊಂಡೇ ಇತ್ತು.

ಮಾಪಣ್ಣ ಕಾಕಾ ನನ್ನನ್ನು ಕಂಡರೆ ಫೋನು ಕಿವಿಗಿಟ್ಟುಕೊಂಡು ಆಚೆ ತಿರುಗುತ್ತಾರೆ. ಆ ಫೋನಿಗೆ ಎರಡು ವಾರದಿಂದ ರೀಚಾರ್ಜ್ ಇಲ್ಲ ಎಂದು ಕ್ಯಾಂಟೀನಿನವರು ಹೇಳಿದರು.

ಆ ಕಾಗದವನ್ನು ನಾನು ಬರೆಯಬಾರದಿತ್ತು. ಬರೆದ ದಿನ ನನಗೆ ಹುಷಾರಿರಲಿಲ್ಲ, ಜ್ವರವಲ್ಲ, ಬೇರೆ. ತಗಡು ಹೇಗಿದ್ದರೂ ಸರಿ, ಹಚ್ಚಿಬಿಡುತ್ತೇನೆ, ಕಳಿಸಿ. ಬಯ್ಯುವುದಿದ್ದರೆ ಬಯ್ದು ಕಳಿಸಿ. ಖಾಲಿ ಡಬ್ಬಿಯಾದರೂ ಕಳಿಸಿ.

ವೈಶೂ


ಅಂಬರನಾಥ
22-4-2024

ವೈಶೂಗೆ,

ಇದು ರೈಲಿನಲ್ಲಿ ಬರೆದದ್ದಲ್ಲ. ಮನೆಯಲ್ಲಿ ಕೂತು, ಫ್ಯಾನು ನಿಲ್ಲಿಸಿ, ಮೇಜಿನ ಮೇಲೆ ಬರೆಯುತ್ತಿದ್ದೇನೆ. ಹಿಂದಿನವೂ ಇಲ್ಲಿಯೇ ಬರೆದವು. ಅಕ್ಷರ ಆಗ ಹೇಗಿತ್ತೋ ಈಗಲೂ ಹಾಗೇ ಇದೆ, ನೋಡು.

ಹೋದ ದೀಪಾವಳಿಯಿಂದ ಕೈ ನಡುಗುತ್ತದೆ. ಬಲಗೈ ಹೆಚ್ಚು, ಎಡಗೈ ಸ್ವಲ್ಪ. ಸುಮ್ಮನಿದ್ದಾಗ ಇಲ್ಲ, ಏನಾದರೂ ಹಿಡಿಯಲು ಹೋದಾಗ ಶುರು. ಕಲ್ಯಾಣದ ಡಾಕ್ಟರು, ಇದು ನರದ ನಡುಕ, ಪ್ರಾಣಕ್ಕೇನೂ ಅಪಾಯವಿಲ್ಲ, ಪೂರಾ ಹೋಗುವುದೂ ಇಲ್ಲ ಎಂದರು. ಕಲ್ಯಾಣಕ್ಕೆ ಹೋಗುತ್ತಿದ್ದದ್ದು ಅದಕ್ಕೇ. ವರ್ಕ್‌ಶಾಪಿನಲ್ಲಿ ಹೊಸಬರಿಗೆ ಕಲಿಸಲು ಅರ್ಧ ದಿನ ಹೋಗುತ್ತಿದ್ದೆನಲ್ಲ, ಡಿಸೆಂಬರಿನಲ್ಲಿ ನಾನೇ ಬಿಟ್ಟೆ. ಮೈಕ್ರೋಮೀಟರ್ ಹಿಡಿದು ತೋರಿಸುವಾಗ ಹುಡುಗರು ನನ್ನ ಕೈ ನೋಡುತ್ತಿದ್ದರು, ಅಳತೆ ನೋಡುತ್ತಿರಲಿಲ್ಲ.

ನಿನಗೆ ಹೇಳಬೇಡ ಎಂದು ಅವ್ವನಿಗೂ ಮಾಪಣ್ಣನಿಗೂ ಆಣೆ ಹಾಕಿದ್ದೆ. ಆದರೆ ನಿನಗೆ ಗೊತ್ತಾಗಿದೆ ಎಂದುಕೊಂಡಿದ್ದೆ. ತೊಟ್ಟಿಲ ದಿನ ಕೂಸನ್ನು ನನ್ನ ಕೈಯಲ್ಲಿ ಹಾಕಿದರು, ಒಂದು ನಿಮಿಷ ಆಗಿರಲಿಲ್ಲ, ನೀನು ಬಂದು ಎತ್ತಿಕೊಂಡು ಹೋದೆ. ನಿನ್ನ ಮುಖ ನೋಡಿದೆ. ಮಗಳು ಕೈ ನೋಡಿದಳು, ಮರ್ಯಾದೆಗೆ ಬಾಯಿ ಬಿಡಲಿಲ್ಲ, ಸರಿಯಾದದ್ದೇ ಮಾಡಿದಳು ಎಂದುಕೊಂಡೆ. ನಂಬಲಾಗದ ಕೈಗೆ ಯಾರೂ ಜಾಬ್ ಕೊಡುವುದಿಲ್ಲ. ನಿನ್ನ ಮೇಲೆ ಸಿಟ್ಟಿಲ್ಲ. ಬಂದರೆ ಎತ್ತಿಕೊಳ್ಳಬೇಕು ಅನಿಸುತ್ತದೆ, ಅದಕ್ಕೆ ಬರಲಿಲ್ಲ.

'ರಿವರ್ಕ್' ಓದಿ ಎರಡು ದಿನ ಊಟ ಸೇರಲಿಲ್ಲ. ಮೂರನೇ ದಿನ ನಗು ಬಂತು. ರಿವರ್ಕ್ ಅಂದರೆ ಸ್ಕ್ರ್ಯಾಪ್ ಅಲ್ಲವಲ್ಲ! ಮತ್ತೆ ಮಾಡು ಎಂದೇ ಅದರ ಅರ್ಥ.

ಹಾಗಾಗಿ ಜಿಗ್ ಮಾಡಿದೆ. ನೀನು ಪುಸ್ತಕದಲ್ಲಿ ಓದಿದ್ದೀ, ನಾನು ಅದರಲ್ಲೇ ಬದುಕಿದವನು. ಕೈಯನ್ನು ಹಾದಿ ಬಿಡದ ಹಾಗೆ ಹಿಡಿಯುವ ಚೌಕಟ್ಟು. ಹೊಸಬನ ಕೈ ಇರಲಿ, ಮುದುಕನ ಕೈ ಇರಲಿ, ಕೆಲಸ ಒಂದೇ ಕಡೆ ಬೀಳಬೇಕು. ಕೆಟ್ಟು ಬಿದ್ದಿದ್ದ ಹಳೆಯ ಗೋಡೆ ಗಡಿಯಾರದ ಹಲ್ಲಿನ ಚಕ್ರವನ್ನು ಒಂದು ಹಿಡಿಗೆ ಕೂರಿಸಿದೆ, ಎರಡು ಸ್ಟೀಲ್ ಪಟ್ಟಿಯ ನಡುವೆ ಹಾದಿ ಮಾಡಿದೆ. ತಗಡಿನ ಹಿಂದೆ ಚಕ್ರ ಒತ್ತಿ ಉರುಳಿಸಿದರೆ ಸಾಲು ರಿವೆಟ್, ಸಮ ಅಂತರ. ಕೈ ನಡುಗಿದರೂ ಚಕ್ರ ಆಚೀಚೆ ಹೋಗಲು ಜಾಗವೇ ಇಲ್ಲ. ಹೊಸ ನಾಲ್ಕು ತಗಡು ಇಟ್ಟಿದ್ದೇನೆ. ಅಳೆದು ನೋಡು.

ನಿನಗೆ ಹುಷಾರಿರಲಿಲ್ಲ ಎಂದು ಬರೆದಿದ್ದೀ. ಜ್ವರವಲ್ಲ, ಬೇರೆ, ಎಂದು. ಆ ಬೇರೆ ಏನು, ಕಾರ್ಡಿನಲ್ಲಿ ಬರೆ.

ಅಪ್ಪ


ಐರೋಲಿ
24 ಏಪ್ರಿಲ್ 2024

ಅಪ್ಪಾ, ಅಪ್ಪಾ,

ನಾನು ನಿಮ್ಮ ಕೈ ನೋಡಲೇ ಇಲ್ಲ.

ಆ ದಿನ ನಿಮ್ಮೊಬ್ಬರಿಂದ ಅಲ್ಲ, ಏಳು ಜನರ ಕೈಯಿಂದ ಇವಳನ್ನು ಕಿತ್ತುಕೊಂಡಿದ್ದೇನೆ. ಸುಮುಖನಿಂದ ಎರಡು ಸಲ. ಅತ್ತೆಯವರಿಂದಲೂ. ಅವರು ಮೈಸೂರಿಗೆ ಹೋಗಿ ಫೋನಿನಲ್ಲಿ 'ನಾವೇನು ಮಗು ಕಾಣದವರಾ' ಎಂದು ಬೇಜಾರು ಮಾಡಿಕೊಂಡರು. ನೀವು ಬೇಜಾರೂ ತೋರಿಸಲಿಲ್ಲ. ತೋರಿಸಿದ್ದರೆ ಅಂದೇ ಗೊತ್ತಾಗುತ್ತಿತ್ತು. ನಿಮ್ಮ ಕೈ ಕಲ್ಲಿನಂತೆ ಸ್ಥಿರವಾಗಿದ್ದರೂ ನಾನು ಎತ್ತಿಕೊಂಡು ಹೋಗುತ್ತಿದ್ದೆ.

ಆ 'ಬೇರೆ' ಏನು ಎಂದರೆ ಇದು. ನಾನು ಮಲಗುವುದಿಲ್ಲ. ಇವಳು ಎದ್ದಿರುವುದರಿಂದ ಅಲ್ಲ. ಇವಳು ಈಗ ಚೆನ್ನಾಗಿ ಮಲಗುತ್ತಾಳೆ. ಇವಳು ಮಲಗಿದರೆ ನಾನು ಎಣಿಸುತ್ತೇನೆ. ಎಣಿಸುವುದು ಬಿಟ್ಟರೆ ಉಸಿರು ನಿಲ್ಲುತ್ತದೆ ಎಂದು ಒಳಗೆ ಯಾರೋ ಹೇಳುತ್ತಾರೆ. ಸುಳ್ಳು ಎಂದು ಗೊತ್ತು, ಬಿಎಸ್‌ಸಿ ಅಲ್ಲ, ಬಿಇ ಮಾಡಿದ್ದೇನೆ. ಆದರೂ ಎಣಿಸುತ್ತೇನೆ. ಸುಮುಖ 'ನಾನು ನೋಡ್ಕೋತೀನಿ, ನೀನು ಒಂದು ಗಂಟೆ ಮಲಗು' ಎಂದರೆ ಪಕ್ಕದ ಕೋಣೆಯಲ್ಲಿ ಕಣ್ಣು ಬಿಟ್ಟುಕೊಂಡು ಅವನು ನೋಡುತ್ತಿದ್ದಾನೋ ಇಲ್ಲವೋ ಎಂದು ಕೇಳಿಸಿಕೊಳ್ಳುತ್ತೇನೆ. ಮಾರ್ಚ್ ಇಪ್ಪತ್ತಕ್ಕೆ ಆ ಕಾಗದ ಬರೆದಾಗ ಎರಡು ದಿನದಿಂದ ಕಣ್ಣು ಮುಚ್ಚಿರಲಿಲ್ಲ. ನನಗೆ ತಗಡು ಎರಡೆರಡಾಗಿ ಕಾಣುತ್ತಿತ್ತು. ಚೆನ್ನಾಗಿ ಮಲಗುತ್ತಿದ್ದೇನೆ ಎಂದು ಬರೆದದ್ದು ನಿಮ್ಮ ರೈಲಿನಂಥ ಮಾತು.

ಹೊಸ ತಗಡು ಅಳೆದೆ. ಮೂರು ಮಿಲಿಮೀಟರ್, ಮೂರು, ಮೂರು, ಮೂರು. ಕೊನೆಯವರೆಗೂ ಮೂರು. ಅಲ್ಲೇ ಬಾಲ್ಕನಿಯ ನೆಲದ ಮೇಲೆ ಕೂತು ಅತ್ತುಬಿಟ್ಟೆ. ಆಮೇಲೆ ಟ್ಯಾಂಕನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದೆ. ಗಾಲಿ: ಹಾಕಲಾಗದ ಗುಂಡಿ. ಚೈನು: ಕಟ್ಟಿಕೊಳ್ಳಲಾಗದ ಪಟ್ಟಿ. ಎರಡು ತಿಂಗಳು ಅದನ್ನೇ ಹಿಡಿದುಕೊಂಡು ಕೂತಿದ್ದೆ, ಇಂಜಿನಿಯರಮ್ಮ, ಒಂದೂ ಹೊಳೆಯಲಿಲ್ಲ.

ತಪ್ಪಾಯಿತು ಅಪ್ಪಾ. ಕೆಂಪು ಶಾಯಿಯನ್ನು ಉಜ್ಜಿ ತೆಗೆಯಬೇಡಿ, ಅದು ಹಾಗೇ ಇರಲಿ. ಹಳೆಯ ತಗಡುಗಳನ್ನು ನನಗೆ ಕೊಡಿ. ಅವು ನನಗೆ ಬೇಕು.

ವೈಶೂ


ಅಂಬರನಾಥ
2-5-2024

ವೈಶೂ,

ಹಳೆಯ ತಗಡು ಡಬ್ಬಿಯ ತಳದಲ್ಲಿದೆ.

ಜಾಸ್ತಿ ಬರೆಯುವುದಿಲ್ಲ, ಎರಡೇ ಮಾತು. ಒಂದು, ನನ್ನ ಕೈಗೆ ಡಾಕ್ಟರು ಇದ್ದ ಹಾಗೆ ನಿನ್ನ ನಿದ್ದೆಗೂ ಇರುತ್ತಾರೆ. ನಾನು ಬಾಯಿ ಬಿಡಲು ಆರು ತಿಂಗಳು ತಡ ಮಾಡಿದೆ, ನೀನು ಮಾಡಬೇಡ. ಹಠ ಮಾಡಿದರೆ ಮಾಪಣ್ಣನನ್ನು ಕಳಿಸುತ್ತೇನೆ, ಅವನು ಜೇಲಿಗೂ ಸಿದ್ಧನಿದ್ದಾನೆ.

ಎರಡು, ನೀನು ತಗಡು ಅಂಟಿಸಿ ಕಳಿಸಿದ ಟ್ಯಾಂಕಿಗೆ ಬಣ್ಣ ನಾನೇ ಹೊಡೆದೆ. ಬಿಲ್ಡಿಂಗಿನ ಗ್ರಿಲ್ಲಿಗೆ ಹೊಡೆದ ಹಸಿರು ಉಳಿದಿತ್ತು, ಮೇಲೆ ಮಣ್ಣಿನ ಬಣ್ಣದ ಮಚ್ಚೆ. ಪಾತ್ರೆ ತಿಕ್ಕುವ ಸ್ಪಂಜಿನ ಚೂರಿನಿಂದ ಒತ್ತಿದೆ, ಒಂದರ ಹಾಗೆ ಇನ್ನೊಂದು ಬೀಳಬಾರದಂತೆ. ಈ ಒಂದು ಆಪರೇಷನ್ನಿಗೆ ನಡುಗುವ ಕೈಯೇ ಬೇಕು ನೋಡು! ಜಿಗ್ ಬೇಕಾಗಲಿಲ್ಲ.

ಅಪ್ಪ


ಐರೋಲಿ
19 ಮೇ 2024

ಅಪ್ಪಾ,

ಠಾಣೆಯಲ್ಲಿ ಒಬ್ಬ ಡಾಕ್ಟರಮ್ಮನ ಹತ್ತಿರ ಹೋಗಿ ಬಂದೆವು. ಸುಮುಖ ಹೊರಗೆ ಇವಳನ್ನು ಎತ್ತಿಕೊಂಡು ತಿರುಗಾಡಿದ, ನಾನು ಒಳಗೆ ನಲವತ್ತು ನಿಮಿಷ ಮಾತಾಡಿದೆ. ಅರ್ಧದಲ್ಲಿ ಬಾಗಿಲು ತೆರೆದು ಇವಳನ್ನು ನೋಡಲು ಎದ್ದೆ. ಅವರು ತಡೆಯಲಿಲ್ಲ, ನಗಲೂ ಇಲ್ಲ. ಹೆರಿಗೆಯಾದ ಎಷ್ಟೋ ಹೆಂಗಸರಿಗೆ ಹೀಗಾಗುತ್ತದಂತೆ, ವಾಸಿಯೂ ಆಗುತ್ತದಂತೆ. ಮಾತ್ರೆ ಕೊಟ್ಟಿದ್ದಾರೆ. ಒಂದು ಮನೆಪಾಠವನ್ನೂ ಕೊಟ್ಟಿದ್ದಾರೆ: ದಿನಕ್ಕೊಮ್ಮೆ ಮಗುವನ್ನು ಬೇರೊಬ್ಬರ ಕೈಗೆ ಕೊಟ್ಟು ಇನ್ನೊಂದು ಕೋಣೆಗೆ ಹೋಗಬೇಕು. ಮೊದಲು ಐದು ನಿಮಿಷ.

ಅದಕ್ಕೇ ಈ ಸಲ ಡ್ರಾಯಿಂಗ್ ಸಮೇತ ಆರ್ಡರ್. ಹಿಂದಿನ ಹಾಳೆ ನೋಡಿ. ನಿಮ್ಮ ಕೈಯಿರುವ ಮರದ ಕುರ್ಚಿ, ಬೆನ್ನು ಗೋಡೆಗೆ. ಎರಡೂ ಕೈಗಳ ಕೆಳಗೆ ಅವ್ವನ ಲೋಡು, ಆ ಉದ್ದನೆಯ ದಿಂಬು, ಕುರ್ಚಿಯ ಕೈಗೆ ಧೋತರದಿಂದ ಬಿಗಿದು ಕಟ್ಟಿದ್ದು. ತೊಡೆಯ ಮೇಲೆ ಮಡಿಸಿದ ಕೌದಿ, ನಡುವೆ ತಗ್ಗು. ಕಾಲ ಕೆಳಗೆ ಮಣೆ, ಮೊಣಕಾಲು ಸ್ವಲ್ಪ ಮೇಲಿರಲಿ. ಇವಳ ತಲೆ ನಿಮ್ಮ ಎಡ ಮೊಣಕೈಯ ಮಡಿಕೆಯಲ್ಲಿ. ಭಾರವೆಲ್ಲ ಲೋಡಿನ ಮೇಲೆ, ಕೈ ಬರೀ ಸುತ್ತಲೂ ಇರುವುದಕ್ಕೆ. ಎಷ್ಟು ನಡುಗಿದರೂ ಇವಳು ಆಚೀಚೆ ಹೋಗಲು ಜಾಗವೇ ಇಲ್ಲ. ನಿಮ್ಮದೇ ಮಾತು.

ಇಲ್ಲಿ ಹತ್ತು ಕಿಲೋ ಗೋಧಿ ಹಿಟ್ಟಿನ ಚೀಲ ಇಟ್ಟು ಸುಮುಖನ ಮೇಲೆ ಪರೀಕ್ಷೆ ಮಾಡಿದೆ. ಅರ್ಧ ಗಂಟೆಗೆ ಅವನೇ ಮಲಗಿಬಿಟ್ಟ, ಚೀಲ ಕದಲಲಿಲ್ಲ.

ಬರುವ ಭಾನುವಾರ, ಇಪ್ಪತ್ತಾರಕ್ಕೆ ಕಾರಿನಲ್ಲಿ ಬರುತ್ತೇವೆ. ಮೆಗಾಬ್ಲಾಕಿನ ನೆಪ ನಡೆಯುವುದಿಲ್ಲ.

ನನಗೆ ಭಯವಿದೆ. ನಿಮಗೂ ಇರಬಹುದು. ಇಬ್ಬರೂ ಇಟ್ಟುಕೊಂಡೇ ಕೂರೋಣ.

ವೈಶೂ


ಅಂಬರನಾಥ
26-5-2024, ಭಾನುವಾರ

ವೈಶೂ,

ಇದು ನಿಮ್ಮವ್ವನ ಅಕ್ಷರ. ಹೇಳುತ್ತಿರುವವನು ನಾನು. ನನ್ನ ಎರಡೂ ಕೈಗೆ ಕೆಲಸ ಇದೆ.

ನೀನು ಒಳಗಿನ ಕೋಣೆಯಲ್ಲಿ ಮಲಗಿದ್ದೀ. 'ಐದೇ ನಿಮಿಷ ಅಪ್ಪಾ' ಎಂದು ಹೋದವಳು ಮೊದಲು ಬಾಗಿಲಲ್ಲಿ ನಿಂತೆ. ಆಮೇಲೆ ಹಾಸಿಗೆಯ ತುದಿಗೆ ಕೂತೆ, ಇಲ್ಲಿಂದ ಕಾಣುತ್ತಿತ್ತು. ಆಮೇಲೆ ಕಾಣಲಿಲ್ಲ. ಸುಮುಖ ಅವರು ಹೋಗಿ ನೋಡಿ, ಚಪ್ಪಲಿ ಸಮೇತ ಅಡ್ಡಾಗಿದ್ದಾಳೆ ಎಂದು ಕೈಸನ್ನೆ ಮಾಡಿ ಹೇಳಿದರು. ಚಪ್ಪಲಿ ಅವರೇ ತೆಗೆದರು.

ಕೂಸನ್ನು ಹಾಕಿದಾಗ ನಡುಕ ಶುರುವಾಯಿತು, ನೀನು ನೋಡಿದೆ. ಅಂಗೈಯಿಂದ ಮೊಣಕೈ ತನಕ. ನೀನು ಒಂದು ಹೆಜ್ಜೆ ಮುಂದೆ ಬಂದು ನಿಂತುಬಿಟ್ಟೆ. ಆ ನಿಂತದ್ದಕ್ಕೆ ಏನು ಹೇಳಲಿ, ಮಗಳ. ಜಿಗ್ ಒಳ್ಳೆಯದಾಗಿದೆ. ಎಡಗಡೆ ಲೋಡು ಒಂದಿಂಚು ಎತ್ತರವಾಗಬೇಕು, ಅಷ್ಟೇ ರಿಮಾರ್ಕ್.

ಕೂಸು ಮೊದಲು ನನ್ನ ಟೀ-ಶರ್ಟಿನ ಮೇಲೆ ಗುಂಡಿ ಹುಡುಕಿತು, ಸಿಗಲಿಲ್ಲ. ಸ್ವಲ್ಪ ಹೊತ್ತು ನನ್ನ ಮುಖ ಪರೀಕ್ಷೆ ಮಾಡಿ ಕಣ್ಣು ಮುಚ್ಚಿತು.

(ನಾ ಕಾಶವ್ವ. ನಡಕಾ ನಡಕಾ ಅಂತ ಆರು ತಿಂಗಳ ಮಾರಿ ಮುಚಗೊಂಡ ಕುಂತಿದ್ರಲ್ಲ, ಆ ನಡಕಕ್ಕನ ಕೂಸು ಮಲಗೈತಿ. ಲೋಕಲ್ ಗಾಡ್ಯಾಗ ಮಲಗಿಧಂಗ. ಇನ್ನ ತೊಟ್ಟಿಲಾ ತೂಗೂದು ಬ್ಯಾಡ, ಮುದುಕನ ತೊಡಿ ಮ್ಯಾಲ ಹಾಕಿದ್ರ ಆತು. ಇದನ್ನ ಇವರಿಗೆ ಓದಿ ಹೇಳಂಗಿಲ್ಲ ನಾ.)

ನಿಮ್ಮವ್ವ ನಡುವೆ ಏನೋ ಬರೆದುಕೊಂಡು ನಗುತ್ತಿದ್ದಾಳೆ. ಇರಲಿ.

ಟ್ಯಾಂಕು ಕಿಟಕಿಯ ಮೇಲಿದೆ. ಬಣ್ಣ ಒಣಗಿದೆ. ಮಾಪಣ್ಣ ಬಂದು ನೋಡಿ, ಜೂನ್ ಹದಿನಾರಕ್ಕೆ ಸಾನಪಾಡಾಕ್ಕೆ ತಾನೇ ಹೊತ್ತು ತರುತ್ತೇನೆ, ಆದರೆ ಗೇಟಿನಲ್ಲಿ ತೋಪು ಕಾಣಬಾರದು, ಕರ್ಚೀಫು ಸುತ್ತಿ ಕೊಡಿ ಎಂದಿದ್ದಾನೆ.

ನೀನು ಉಸಿರು ಎಣಿಸುವ ವಹಿಯನ್ನು ಅವ್ವನ ಕೈಗೆ ಕೊಟ್ಟು ಒಳಗೆ ಹೋಗಿದ್ದೆ. ನೀನು ಹೇಳಿದ ಹಾಗೆ ಎಣಿಸಿದ್ದೇವೆ. ಕೂಸಿನದನ್ನು ನಾನು ಎಣಿಸಿದೆ. ನಿನ್ನದನ್ನು ನಿಮ್ಮವ್ವ ಬಾಗಿಲಲ್ಲಿ ನಿಂತು ಎಣಿಸಿದಳು. ಎರಡೂ ಸರಿ ಇವೆ.

ಕಾರ್ಡ್ ತುಂಬಿಸುತ್ತಿದ್ದೇನೆ.

ಜಾಬ್: ಇಂಚರಾ.
ಆಪರೇಷನ್: ಹಿಡಿದುಕೊಂಡು ಕೂರುವುದು.
ಆಪರೇಟರ್: ವೀರಭದ್ರಪ್ಪ.
ಶುರು: ಹನ್ನೊಂದು ಗಂಟೆ ಹತ್ತು ನಿಮಿಷ.
ಮುಗಿದದ್ದು:

ಈಗ ಎರಡು ಹೊಡೆಯಿತು. ಆ ಕೊನೆಯ ಸಾಲನ್ನು ಖಾಲಿ ಬಿಡಲು ಹೇಳಿದ್ದೇನೆ. ಎದ್ದ ಮೇಲೆ ನೀನೇ ತುಂಬು. ಅವಸರವಿಲ್ಲ.

ಅಪ್ಪ